ತಾಂಡ್ಯದ ಕೋಮಲ ಹೇಳಿದ್ದು

ನಂಜನಗೂಡಿನ ಬಸ್‌ಸ್ಟ್ಯಾಂಡಿನ ಎದುರು ಅಮೃತೇಶನದೊಂದು ಜೆರಾಕ್ಸ್ ಮತ್ತು ಎಸ್‌ಟಿಡಿ ಅಂಗಡಿಯಿತ್ತು. ಅಂಗಡಿ ಹೊಟ್ಟೆಪಾಡಿಗೆ. ಅವನ ಮನಸ್ಸೆಲ್ಲ ಇದ್ದದ್ದು ಮೈಸೂರಿನ ಪತ್ರಿಕೆಯೊಂದರ ಶನಿವಾರದ ಸಿನಿಮಾ ಪುಟದಲ್ಲಿ. ಆ ಪುಟದ ಕೆಳಗಿನ ಅರ್ಧ ಅವನದು. ಮೊದಲು ಅವನ ವಿಮರ್ಶೆ, ಅದರ ಕೆಳಗೆ ‘ನೋಡಿ ಬಂದವರು’ ಎಂಬ ಪೆಟ್ಟಿಗೆಯೊಳಗೆ ನಾಲ್ಕು ಮಂದಿ ಪ್ರೇಕ್ಷಕರ ಅಭಿಪ್ರಾಯ, ಪುಟ್ಟ ಫೋಟೋ ಸಮೇತ. ಮ್ಯಾಟಿನಿ ಬಿಡುವ ಹೊತ್ತಿಗೆ ಅವನು ಟಾಕೀಸಿನ ಗೇಟಿನ ಹತ್ತಿರ ಕ್ಯಾಮೆರಾ ನೇತುಹಾಕಿಕೊಂಡು ನಿಲ್ಲುತ್ತಿದ್ದ. ಒಂದು ವಾರ ನಂಜನಗೂಡು, ಒಂದು ವಾರ ಟಿ. ನರಸೀಪುರ. ಜನ ಏನು ಹೇಳಿದರೂ ಅದನ್ನು ತಿದ್ದಿ, ಒಂದಿಷ್ಟು ಒಳ್ಳೆಯ ಪದ ಸೇರಿಸಿ, ತನ್ನ ಅಂಗಡಿಯ ಫ್ಯಾಕ್ಸಿನಲ್ಲೇ ಕಳಿಸುತ್ತಿದ್ದ. ಐದು ವರ್ಷ ಹಾಗೇ ನಡೆದಿತ್ತು.

ಕೋಮಲ ಮೊದಲ ಸಲ ಅವನ ಕಣ್ಣಿಗೆ ಬಿದ್ದದ್ದು ೧೯೯೯ರ ಜೂನಿನಲ್ಲಿ. ಊರಾಚೆಯ ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ಐದಾರು ಹುಡುಗಿಯರು ವಾರದ ರಜೆಗೆ ಸಿನಿಮಾಕ್ಕೆ ಬಂದಿದ್ದರು. ಅತ್ತೆಯ ಕಾಟ ಸಹಿಸುವ ಸೊಸೆಯ ಕಥೆಯದು. ಉಳಿದವರು ನಾಚಿಕೊಂಡು ಒಬ್ಬರ ಹಿಂದೆ ಒಬ್ಬರು ಸರಿದಾಗ ಉದ್ದ ಜಡೆಯ ಈ ಹುಡುಗಿ ನಿಂತು ಹೇಳಿದಳು: “ಮೂರ್ ಗಂಟೆ ಅತ್ಲು ಸಾ ಆ ಸೊಸೆ. ಒಂದ್ ಸಲಾನೂ ಮೂಗ್ ಒರೆಸ್ಕಳ್ನಿಲ್ಲ. ಅದೆಂಗೆ ಅಳು?”

ಅಮೃತೇಶನಿಗೆ ನಗು ಬಂತು. ಅದರಲ್ಲಿ ತಿದ್ದಲು ಏನೂ ಸಿಗಲಿಲ್ಲ. ಹಾಗೇ ಕಳಿಸಿದ. ಶನಿವಾರ ಬೆಳಿಗ್ಗೆ ಸಂಪಾದಕರೇ ಫೋನ್ ಮಾಡಿದರು. ಐದು ವರ್ಷದಲ್ಲಿ ಅವರು ತಾವಾಗಿ ಫೋನ್ ಮಾಡಿದ್ದು ಅದೇ ಮೊದಲು. ಆಫೀಸಿನಲ್ಲೆಲ್ಲ ಅದೇ ಮಾತಂತೆ. ಯಾರು ಆ ಹುಡುಗಿ, ಪ್ರತಿ ವಾರ ಅವಳನ್ನು ಮಾತಾಡಿಸಿ ಎಂದರು. ಅವನ ವಿಮರ್ಶೆಯ ಬಗ್ಗೆ ಅವರು ಏನಾದರೂ ಹೇಳಿಯಾರೆಂದು ಅವನು ರಿಸೀವರ್ ಹಿಡಿದುಕೊಂಡೇ ಇದ್ದ. ಅವರು ಇಟ್ಟುಬಿಟ್ಟರು.

ಆಮೇಲೆ ಕೋಮಲ ಬಂದಾಗಲೆಲ್ಲ ಅವಳ ಮಾತು ಪೆಟ್ಟಿಗೆಯಲ್ಲಿ ಮೊದಲು ಬರತೊಡಗಿತು. ಓದುಗರ ಪತ್ರಗಳಲ್ಲಿ ಅವಳ ಹೆಸರು ಬಂತು. ಹುಣಸೂರಿನಿಂದ ಒಬ್ಬರು, ಆ ತಾಂಡ್ಯದ ಹುಡುಗಿ ಏನಂತಾಳೋ ನೋಡಿಕೊಂಡೇ ನಾವು ಸಿನಿಮಾಕ್ಕೆ ಹೋಗುವುದು ಎಂದು ಬರೆದರು. ಅಮೃತೇಶ ಬಿ.ಎ.ಯಲ್ಲಿ ಕನ್ನಡ ಐಚ್ಛಿಕ ಓದಿದವನು. ಕಾಲೇಜಿನಲ್ಲಿ ಅವನ ಪ್ರಬಂಧಕ್ಕೆ ಬಹುಮಾನ ಬಂದಿತ್ತು. ಅವನ ವಿಮರ್ಶೆಯ ಬಗ್ಗೆ ಐದು ವರ್ಷದಲ್ಲಿ ಬಂದದ್ದು ಒಂದೇ ಒಂದು ಪತ್ರ, ಅದೂ ಛಾಯಾಗ್ರಾಹಕನ ಹೆಸರು ತಪ್ಪಾಗಿದೆ ಎಂದು. ಜಾಗ ಸಾಲದಾದಾಗ ಮೇಲಿನ ವಿಮರ್ಶೆಗೆ ಕತ್ತರಿ ಬೀಳುತ್ತಿತ್ತೇ ಹೊರತು ಕೆಳಗಿನ ಕೋಮಲಳಿಗಲ್ಲ. ಇಪ್ಪತ್ತೈದು ಸಾಲು ಇದ್ದದ್ದು ಹದಿನೈದಾಯಿತು, ದೀಪಾವಳಿ ಹೊತ್ತಿಗೆ ಎಂಟಕ್ಕೆ ಬಂತು.

ಅಂಗಡಿಯಲ್ಲಿ ಯಾರೂ ಇಲ್ಲದಾಗ ಅವನು ಅವಳ ಥರ ಬರೆಯಲು ನೋಡಿದ. ಹಳ್ಳಿ ಮಾತು ಹಾಕಿದ, ಸಣ್ಣ ಸಣ್ಣ ವಾಕ್ಯ ಮಾಡಿದ. ಓದಿದರೆ ನಾಟಕದವರು ವೇಷ ಹಾಕಿಕೊಂಡಂತೆ ಕೇಳುತ್ತಿತ್ತು. ಹರಿದು ಹಾಕಿದ. ಅವಳ ವಾರದ ರಜೆ ಯಾವ ದಿನವೆಂದು ತಿಳಿದುಕೊಂಡು, ಬೇಕೆಂದೇ ಆ ದಿನ ನರಸೀಪುರದ ಬಸ್ಸು ಹತ್ತಿದ. ಎರಡು ವಾರ ಪೆಟ್ಟಿಗೆಯಲ್ಲಿ ಕೋಮಲ ಇರಲಿಲ್ಲ. ಮೂರನೆಯ ವಾರ ಸಂಪಾದಕರು, ನಿಮ್ಮ ತಾಂಡ್ಯದವಳಿಗೆ ಮೈ ಸರಿ ಇಲ್ಲವೇ ಎಂದು ಕೇಳಿದರು. ಇಡೀ ಪತ್ರಿಕೆಯಲ್ಲಿ ತನ್ನ ಆರೋಗ್ಯ ಕೇಳುವವರು ಯಾರೂ ಇಲ್ಲವಲ್ಲ ಎಂದು ಅವನಿಗೆ ಆವತ್ತಿಡೀ ಊಟ ರುಚಿಸಲಿಲ್ಲ.

ಎರಡು ಸಾವಿರದ ಇಸವಿ ಫೆಬ್ರವರಿಯಲ್ಲಿ ‘ಏರ್‌ಫೋರ್ಸ್ ಏಕಾಂತಪ್ಪ’ ಬಂತು. ಕಾರ್ಗಿಲ್ ಯುದ್ಧ ಮುಗಿದು ಏಳು ತಿಂಗಳಷ್ಟೇ ಆಗಿತ್ತು. ಅಂಗಡಿಗಳ ಗೋಡೆಯ ಮೇಲೆ ಸೈನಿಕರ ಕ್ಯಾಲೆಂಡರುಗಳು ಇನ್ನೂ ಇದ್ದವು. ಅಂಥದರಲ್ಲಿ ವಾಯುಸೇನೆಯನ್ನೇ ಇಟ್ಟುಕೊಂಡು ತಮಾಷೆ ಮಾಡಿದ ಸಿನಿಮಾ ಎಂದು ಜನಕ್ಕೆ ಕುತೂಹಲ, ಸ್ವಲ್ಪ ಅಳುಕು ಕೂಡ. ಎತ್ತರ ಕಂಡರೆ ತಲೆ ತಿರುಗುವ ಏಕಾಂತಪ್ಪ ಯಾರದೋ ಹೆಸರಿನ ಅದಲುಬದಲಿನಲ್ಲಿ ಪೈಲಟ್ ಆಗಿಬಿಡುತ್ತಾನೆ. ಹಳೆಯ ಯುದ್ಧದ ಚಿತ್ರಗಳಲ್ಲಿ ನಾಯಕರು ಗಂಭೀರವಾಗಿ ಏನೇನು ಮಾಡುತ್ತಿದ್ದರೋ ಅದೆಲ್ಲದರ ಅಣಕ ಇಲ್ಲಿ. ಕಪ್ಪು ಕನ್ನಡಕ ಹಾಕಿಕೊಂಡು ರನ್‌ವೇ ಮೇಲೆ ನಿಧಾನವಾಗಿ ನಡೆದು ಬರುವ ವೀರರ ಸಾಲು, ನಡೆಯುತ್ತ ನಡೆಯುತ್ತ ಪಕ್ಕದ ರಾಗಿ ಹೊಲಕ್ಕೆ ಇಳಿದುಬಿಡುತ್ತದೆ. ಯುದ್ಧದ ದಿನ ಏಕಾಂತಪ್ಪನ ಕೈ ಎಷ್ಟು ನಡುಗುತ್ತದೆಂದರೆ, ಅಡುಗೆಯವನು ಬಂದು ಅವನ ಕೈಗೆ ಕಡೆಗೋಲು ಕೊಟ್ಟು ಒಂದು ಕೊಡ ಮಜ್ಜಿಗೆ ಕಡೆಸಿಕೊಂಡು ಹೋಗುತ್ತಾನೆ. ಕೊನೆಗೆ ಮೂರ್ಛೆ ಹೋದವನನ್ನು ನಾಲ್ಕು ಜನ ಎತ್ತಿ ವಿಮಾನದೊಳಗೆ ಹಾಕುತ್ತಾರೆ, ವಿಮಾನ ತಾನೇ ಹೋಗಿ ಗೆದ್ದು ಬರುತ್ತದೆ.

ಗುರುವಾರದ ಮ್ಯಾಟಿನಿ ಬಿಟ್ಟಾಗ ಜನ ಕಣ್ಣೊರೆಸಿಕೊಂಡು ನಗುತ್ತಲೇ ಹೊರಬಂದರು. ಬಸ್ ಕಂಡಕ್ಟರ್ ಬೋರಯ್ಯ ತಾನಾಗಿ ಅಮೃತೇಶನ ಮುಂದೆ ಬಂದು ನಿಂತ. ವಿಮಾನ ಹಿಂದಕ್ಕೆ ತೆಗೆಯುವಾಗ ಒಬ್ಬ ಅದರ ಬೆನ್ನು ತಟ್ಟಿ ಬರ್ಲಿ ಬರ್ಲಿ ಅನ್ನುತ್ತಾನಲ್ಲ, ಅದನ್ನು ತಮ್ಮ ಡಿಪೋದಲ್ಲೇ ನೋಡಿ ಕಲಿತಿರಬೇಕು ಎಂದು ಅವನ ವಾದ. ರಿಟೈರಾದ ಸ್ಕೂಲ್ ಮೇಡಂ ಸುಬ್ಬಲಕ್ಷ್ಮಮ್ಮನವರಿಗೆ ಸಿನಿಮಾ ಹಿಡಿಸಿರಲಿಲ್ಲ. ಮಕ್ಕಳು ಸತ್ತ ಮನೆಗಳಲ್ಲಿ ಇನ್ನೂ ವರ್ಷಾಬ್ದಿಕವೇ ಆಗಿಲ್ಲ, ಇಷ್ಟು ಬೇಗ ನಗಬೇಕಾಗಿತ್ತೇ ಎಂದರು. ಎಪಿಎಂಸಿಯ ಒಬ್ಬ ಮಂಡಿಯವರು, ಅಪಹಾಸ್ಯ ಮಾಡಿರುವುದು ಸೇನೆಯನ್ನಲ್ಲ, ಸಿನಿಮಾದವರನ್ನೇ ಎಂದರು. ಮೂರು ಅಭಿಪ್ರಾಯ ಆದವು.

ಆಗ ಕೋಮಲ ಗೆಳತಿಯರ ಜೊತೆ ಬಂದಳು. ಅವನು ನೋಡದವನಂತೆ ಕ್ಯಾಮೆರಾದ ರೋಲು ತಿರುಗಿಸುತ್ತ ನಿಂತ. ಅವಳ ಗೆಳತಿಯರೇ ಅವಳನ್ನು ಮುಂದಕ್ಕೆ ನೂಕಿದರು. ಕೇಳದೆ ವಿಧಿಯಿರಲಿಲ್ಲ.

“ಒಟ್ಟೆ ಉಣ್ಣಾಗಂಗೆ ನಕ್ಕೆ ಸಾ,” ಎಂದಳು. ಆಮೇಲೆ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತ ಮುಂದುವರಿಸಿದಳು. “ಪೈಲಟ್‌ಗಳೂ ಎದರ್ತಾರೆ, ಅದು ನಿಜ. ನಮ್ಮಣ್ಣ ಶಿವಮೂರ್ತಿ ಏರ್‌ಫೋರ್ಸಲ್ಲೇ ಅವ್ನೆ, ವಿಮಾನದ ಚಕ್ರ ನೋಡೋ ಕೆಲ್ಸ. ಕಾರ್ಗಿಲ್ ಟೈಮಲ್ಲಿ ಕಾಗ್ದ ಬರ್ದಿದ್ದ. ಒಬ್ರು ಪೈಲಟ್ ಸಾಹೇಬ್ರು ಏಣಿ ಏರಕ್ ಮುಂಚೆ ಅವನ ಕೈ ಇಡ್ಕಂಡ್ರಂತೆ. ಅವರ ಕೈ ಐಸಾಗಿತ್ತಂತೆ, ನಡುಗ್ತಿತ್ತಂತೆ. ಆದ್ರೂ ಏರುದ್ರಂತೆ. ಮದ್ಯಾನದ್ ಮ್ಯಾಕೆ ಇನ್ನೊಂದ್ ಸಲಾನೂ ಏರುದ್ರಂತೆ. ಈ ಫಿಲಮ್ನೋರು ಕೈ ನಡುಗೋದ್ನ ತೋರ್ಸವ್ರೆ ಸಾ, ಏಣಿ ಏರೋದ್ನ ತೋರ್ಸ್ನಿಲ್ಲ. ಅದೊಂದ್ ತೋರ್ಸಿದ್ರೆ ನಗ್ತಾ ನಗ್ತಾನೇ ಎದ್ ನಿಂತ್ಕಬುಡ್ತಿದ್ದೆ.”

ಸುತ್ತ ನಿಂತಿದ್ದ ಹತ್ತಿಪ್ಪತ್ತು ಮಂದಿಯ ನಗು ನಿಂತಿತ್ತು. ಸುಬ್ಬಲಕ್ಷ್ಮಮ್ಮನವರು ಹೋಗುತ್ತಿದ್ದವರು ತಿರುಗಿ ಬಂದು ಅವಳ ಭುಜ ಮುಟ್ಟಿದರು. ಅಮೃತೇಶ ಪ್ರತಿಯೊಂದು ಪದವನ್ನೂ ಬರೆದುಕೊಂಡ. ಅವನ ವಿಮರ್ಶೆ ಆಗಲೇ ಸಿದ್ಧವಿತ್ತು. ಬುಧವಾರವೇ ಸಿನಿಮಾ ನೋಡಿ ಮೂರು ಕರಡು ಮಾಡಿದ್ದ. ವಿಡಂಬನೆ, ವೀರರಸದ ವಿಪರ್ಯಾಸ ಎಂದೆಲ್ಲ ಅದರಲ್ಲಿತ್ತು. ತಾನು ಮೂರು ಕರಡಿನಲ್ಲೂ ಹುಡುಕಿ ಸಿಗದೇಹೋದದ್ದು ಏನೆಂದು ಈ ಹುಡುಗಿ ಗೇಟಿನ ಹತ್ತಿರ ಚಪ್ಪಲಿ ಸರಿಮಾಡಿಕೊಳ್ಳುತ್ತ ಹೇಳಿದ್ದಳು. ಎದೆಯೊಳಗೆ ಒಲೆ ಹತ್ತಿದ ಹಾಗಾಯಿತು.

ಅಂಗಡಿಗೆ ಬಂದು ಫ್ಯಾಕ್ಸಿಗೆ ಪ್ರತಿ ಮಾಡುವಾಗ ಅವನು ‘ನಡುಗ್ತಿತ್ತಂತೆ’ ಎನ್ನುವಲ್ಲಿಗೆ ಪೆನ್ನು ನಿಲ್ಲಿಸಿದ. ಮುಂದಿನದನ್ನು ಬರೆಯಲಿಲ್ಲ. ಎಲ್ಲ ಮಾತೂ ಅವಳದೇ, ನಾನು ಒಂದಕ್ಷರ ಸೇರಿಸಿಲ್ಲ ಎಂದುಕೊಂಡ. ಹಾಗೆ ಬಿಟ್ಟರೆ ಅದು ಏನಾಗಿ ಕೇಳಿಸುತ್ತದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಮಷೀನಿನ ಗುಂಡಿ ಒತ್ತಿದ. ಕಾಗದ ಒಳಕ್ಕೆ ಹೋಗುವಷ್ಟು ಹೊತ್ತು ಒಂದು ಬಗೆಯ ಸುಖ ಇತ್ತು.

ಶನಿವಾರ ಪತ್ರಿಕೆಯವರು ಭಾಷೆಯನ್ನಷ್ಟೇ ತಿದ್ದಿ ಹೀಗೆ ಹಾಕಿದ್ದರು: “ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಪೈಲಟ್‌ಗಳೂ ಹೆದರುತ್ತಾರೆ, ಅದು ನಿಜ. ಕಾರ್ಗಿಲ್ ಸಮಯದಲ್ಲಿ ಒಬ್ಬ ಪೈಲಟ್ ಕೈ ನಡುಗುತ್ತಿತ್ತೆಂದು ಏರ್‌ಫೋರ್ಸಿನಲ್ಲಿರುವ ನಮ್ಮಣ್ಣನೇ ಬರೆದಿದ್ದ. — ಕೋಮಲ, ತಾಂಡ್ಯ.” ಮೇಲೆ ಅವನ ವಿಮರ್ಶೆ ಹತ್ತೊಂಬತ್ತು ಸಾಲು ಉಳಿದಿತ್ತು.

ಮಧ್ಯಾಹ್ನದ ಹೊತ್ತಿಗೆ ಅಂಗಡಿಗೆ ಬಂದವರೆಲ್ಲ ಅದನ್ನೇ ಆಡತೊಡಗಿದರು. ವಿಮರ್ಶೆಯನ್ನಲ್ಲ. ಪ್ರಾಣ ಕೊಟ್ಟವರನ್ನು ಹೇಡಿಗಳು ಅನ್ನುತ್ತಾಳಲ್ಲ ಎಂದು ಒಬ್ಬರು. ಇವಳ ಅಣ್ಣ ಅನ್ನ ತಿನ್ನುವುದೇ ಅಲ್ಲಿ ಎಂದು ಇನ್ನೊಬ್ಬರು. ಸೋಮವಾರ ಒಂದು ಯುವಕರ ಸಂಘದವರು ಟಾಕೀಸಿನ ಮುಂದೆ ಆ ಪುಟ ಸುಟ್ಟರು. ಕಾರ್ಖಾನೆಯಲ್ಲಿ ಪ್ಯಾಕಿಂಗ್ ಸಾಲಿನವರು ಕೋಮಲಳ ಜೊತೆ ಬುತ್ತಿ ಬಿಚ್ಚುವುದನ್ನು ನಿಲ್ಲಿಸಿದರಂತೆ. ಗೇಟಿನ ಹತ್ತಿರ ಅವಳನ್ನು ಮುಂದಕ್ಕೆ ನೂಕಿದ ಗೆಳತಿಯರೂ, ಇವಳು ಇನ್ನೂ ಏನೋ ಹೇಳಿದ್ದಳಲ್ಲ ಎಂದು ಬಾಯಿಬಿಡಲಿಲ್ಲ. ಅವಳ ತಾಯಿ ಮಾದಮ್ಮನಿಗೆ ಮಗನ ಕೆಲಸ ಎಲ್ಲಿ ಹೋಗುತ್ತದೋ ಎಂಬ ಭಯ. ಬುಧವಾರದಿಂದ ಕೋಮಲ ಕೆಲಸಕ್ಕೆ ಬರಲಿಲ್ಲ, ಬಿಳಿಗೆರೆ ಹತ್ತಿರದ ತನ್ನ ಹಳ್ಳಿಗೆ ಹೋಗಿಬಿಟ್ಟಳು ಎಂದು ಬೋರಯ್ಯ ಸುದ್ದಿ ತಂದ. ಅಮೃತೇಶ ಹೌದೇ ಎಂದ. ಅವನು ಬಯಸಿದ್ದು ಇಷ್ಟನ್ನಲ್ಲ. ಅವಳು ಒಂದು ವಾರ ಸಪ್ಪೆಯಾಗಿ ಕಾಣಲಿ ಎಂದಷ್ಟೇ ಬಯಸಿದ್ದ. ಆದರೂ ಹೋಗಿ ನಿಜ ಹೇಳುವ ಧೈರ್ಯ ಬರಲಿಲ್ಲ.

ಮುಂದಿನ ವಾರ ಸಿನಿಮಾ ಟಿ. ನರಸೀಪುರಕ್ಕೆ ಹೋಯಿತು. ಅವನೂ ಹೋದ. ಅಲ್ಲಿ ಗೇಟಿನ ಹತ್ತಿರ ಯಾರನ್ನು ಕೇಳಿದರೂ ಸಿನಿಮಾದ ಬಗ್ಗೆ ಹೇಳುವುದಕ್ಕೆ ಮೊದಲು ಕೋಮಲಳ ಬಗ್ಗೆ ಹೇಳುತ್ತಿದ್ದರು. ಬೈಯಲಿಕ್ಕಾದರೂ ಸರಿ, ಅವಳ ಮಾತೇ. ಸಂತೆಮಾಳದ ಒಬ್ಬ ಹೋಟೆಲಿನವರು ಅದನ್ನು ಬಾಯಿಪಾಠ ಒಪ್ಪಿಸಿದರು. ತಲೆ ತೆಗೆದ ಮೇಲೂ ಅವಳ ಮಾತು ನಡೆದಾಡುತ್ತಿದೆಯಲ್ಲ ಎಂದು ಅವನಿಗೆ ಅನ್ನಿಸಿತು. ಪಶ್ಚಾತ್ತಾಪದ ಪಕ್ಕದಲ್ಲೇ ಹೊಟ್ಟೆಕಿಚ್ಚೂ ಕೂತಿತ್ತು, ಜಾಗ ಬಿಟ್ಟುಕೊಟ್ಟಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಬ್ಬ ಹೆಂಗಸು ಅವನ ಅಂಗಡಿಗೆ ಬಂದರು. ಅರವತ್ತರ ಹತ್ತಿರದ ವಯಸ್ಸು, ಬಿಳಿ ಸೀರೆ. ನರಸೀಪುರದ ಆಚೆಯ ಹಳ್ಳಿಯವರು, ಸುತ್ತೂರಿನ ಮೇಲೆ ಬರುವ ಬಸ್ಸಿನಲ್ಲಿ ಬಂದಿದ್ದರು. ಹೆಸರು ಪುಟ್ಟಗೌರಮ್ಮ ಎಂದರು. ನಾಲ್ಕಾಗಿ ಮಡಿಸಿದ ಪತ್ರಿಕೆಯ ಪುಟ ತೆಗೆದು, ಇದನ್ನು ಬರೆದುಕೊಂಡವನು ನೀನೇ ಏನಪ್ಪ ಎಂದು ಕೇಳಿದರು. ಬೈಯಲು ಬಂದವರೆಂದು ಅವನು ಎದ್ದು ನಿಂತ.

ಅವರ ಮಗ ಸೇನೆಯಲ್ಲಿದ್ದ. ಎರಡು ವರ್ಷದ ಹಿಂದೆ ಮಂಜಿನ ಬೆಟ್ಟದಲ್ಲಿ ಹೋಗಿಬಿಟ್ಟಿದ್ದ. ಊರಿನವರು, ಅಧಿಕಾರಿಗಳು ಎಲ್ಲ ಬಂದು ಭಾಷಣ ಮಾಡಿದರು. ನಿಮ್ಮ ಮಗ ಹುಲಿ, ಹೆದರಿಕೆ ಅಂದರೇನೆಂದೇ ಅವನಿಗೆ ಗೊತ್ತಿರಲಿಲ್ಲ ಎಂದರು.

“ನಂಗೊತ್ತಿಲ್ವಾ ಅಪ್ಪ, ನನ್ ಮಗ,” ಎಂದರು ಪುಟ್ಟಗೌರಮ್ಮ. “ಗುಡುಗಿದ್ರೆ ನನ್ ಸೆರಗು ಇಡ್ಕಳೋನು. ಅಲ್ಲೂ ಎದರಿರ್ತಾನೆ. ಅದ ಯಾರೂ ಬಾಯ್ಬುಟ್ಟು ಅನ್ನಕ್ಕಿಲ್ಲ. ನಾನೂ ಅನ್ನಂಗಿಲ್ಲ. ಈ ಮಗಳು ಅಂದವ್ಳೆ. ಆಮ್ಯಾಕೆ ಏನೋ ಅಂದಿರ್ಬೇಕಲ್ಲ? ಇಲ್ಲಿಗೇ ನಿಲ್ಸೋ ಮಾತಲ್ಲ ಇದು.”

ಅಮೃತೇಶ ಡ್ರಾಯರಿನಿಂದ ನೋಟ್‌ಬುಕ್ ತೆಗೆದು ಉಳಿದದ್ದನ್ನು ಓದಿದ. ಕೈ ಐಸಾಗಿದ್ದೂ ಏರಿದ್ದು, ಮಧ್ಯಾಹ್ನದ ಮೇಲೆ ಮತ್ತೆ ಏರಿದ್ದು, ಸಿನಿಮಾದವರು ಅದನ್ನು ತೋರಿಸದೇ ಹೋದದ್ದು. ಇನ್ನೊಂದು ಸಲ ಓದು ಎಂದರು ಅವರು. ಓದಿದ. ಅವರು ಅಳಲಿಲ್ಲ. ಎಸ್‌ಟಿಡಿ ಗಾಜಿನ ಬಾಗಿಲಿಗೆ ಒರಗಿಕೊಂಡು, ತಮ್ಮ ಅಂಗೈಯನ್ನೇ ನೋಡಿಕೊಂಡರು. ಆಮೇಲೆ ಆ ಹುಡುಗಿಯ ಹತ್ತಿರ ಕರೆದುಕೊಂಡು ಹೋಗು ಎಂದರು.

ಅಂಗಡಿಯ ಬಾಗಿಲೆಳೆದು ಅವನು ಅವರ ಜೊತೆ ಬಿಳಿಗೆರೆಯ ಬಸ್ಸು ಹತ್ತಿದ. ಬಸ್ಸಿಳಿದು ಮೈಲಿಯಷ್ಟು ನಡೆಯಬೇಕಿತ್ತು. ಆ ಹಳ್ಳಿಗೆ ಅವನು ನೆಂಟರ ಮದುವೆಗಳಿಗೆ ಎಷ್ಟೋ ಸಲ ಬಂದಿದ್ದ. ಕೋಮಲಳ ಬೀದಿಗೆ ಮಾತ್ರ ಕಾಲಿಟ್ಟಿರಲಿಲ್ಲ. ನಡುಮನೆಯ ಗೋಡೆಯ ಮೇಲೆ ಅಂಬೇಡ್ಕರರ ಪಟ, ಬುದ್ಧನ ಪಟ, ಯೂನಿಫಾರಂ ಹಾಕಿಕೊಂಡು ನಗದೆ ನಿಂತ ಅಣ್ಣನ ಫೋಟೋ ಇದ್ದವು. ಮಾದಮ್ಮ ಇಬ್ಬರನ್ನೂ ನೋಡಿ ಗಾಬರಿಯಾಗಿ ಚಾಪೆ ಹಾಸಿದರು. ಕೋಮಲ ನೀರು ತಂದುಕೊಟ್ಟಳು. ಹತ್ತು ದಿನದಲ್ಲಿ ಸೊರಗಿದ್ದಳು. ಅವನು ನೀರು ಕುಡಿದು ಲೋಟ ಕೆಳಗಿಟ್ಟ.

ಪುಟ್ಟಗೌರಮ್ಮ ತಮ್ಮ ಮಗನ ವಿಷಯ ಹೇಳಿದರು. ಕೋಮಲ ಅವರ ಪಕ್ಕ ಕೂತು ಕೇಳಿದಳು. ಎಲ್ಲ ಕೇಳಿ ಆದಮೇಲೆ ಅಮೃತೇಶನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಆ ಹತ್ತು ದಿನವೂ ಅವನ ಪರವಾಗಿ ಒಂದು ಕಾರಣ ಹುಡುಕಿ ಇಟ್ಟುಕೊಂಡಿದ್ದಳೆಂದು ಕಾಣುತ್ತದೆ.

“ಪೇಪರಲ್ಲಿ ಜಾಗ ಸಾಲ್ನಿಲ್ವಾ ಸಾ?”

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಮೈಸೂರಿನಲ್ಲಿ ಕತ್ತರಿಸಿದರು ಎಂದರೂ ಯಾರೂ ಕೇಳಲು ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಅವನು ಅದನ್ನೇ ಹೇಳಬೇಕೆಂದು ಜೋಡಿಸಿಕೊಂಡಿದ್ದ.

“ಜಾಗ ಇತ್ತು,” ಎಂದ. “ನಾನೇ ಬಿಟ್ಟೆ.”

“ಯಾಕೆ?”

“ನಿಮಗೆ ಬರೋ ಮಾತು ನನಗೆ ಬರಲ್ಲ. ಎಂಟು ತಿಂಗಳಿಂದ ನೋಡ್ತಾ ಇದೀನಿ. ಹೊಟ್ಟೆ ಉರೀತಿತ್ತು. ಅದಕ್ಕೆ.”

ಮಾದಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವರು ಎದ್ದು ಒಳಗೆ ಹೋದರು, ಅವನು ಹೊರಡುವವರೆಗೂ ಬರಲಿಲ್ಲ. ಕೋಮಲ ಅವನು ಕೆಳಗಿಟ್ಟ ಲೋಟ ಎತ್ತಿಕೊಂಡಳು. ಡಿಗ್ರಿ ಓದಿದವನು, ಪೇಪರಿನಲ್ಲಿ ಹೆಸರು ಬರುವವನು, ತನ್ನಂಥವಳನ್ನು ನೋಡಿ ಹೊಟ್ಟೆ ಉರಿದುಕೊಂಡನೆಂಬುದು ಅವಳಿಗೆ ನಂಬಲಾಗದ ಸಂಗತಿಯಾಗಿ ಕಂಡಿರಬೇಕು.

“ನಾನ್ ಸುಮ್ನೆ ಅನ್ಸಿದ್ ಯೋಳ್ದೆ ಸಾ,” ಎಂದಳು. “ನಮ್ಮವ್ವ ಹತ್ತು ದಿನದಿಂದ ಉಂಡಿಲ್ಲ. ಅದ ಮೊದ್ಲು ಸರಿಮಾಡಿ.”

ಅವನು ಆ ಸಂಜೆಯೇ ಬರೆದ. ಮೊದಲು ಅವಳ ಮಾತು ಪೂರ್ತಿ, ಅವಳು ಆಡಿದ ಹಾಗೆಯೇ. ಕೆಳಗೆ, ಎರಡು ವಾರದ ಹಿಂದಿನ ಮಾತಿನ ಉಳಿದ ಭಾಗವನ್ನು ವರದಿಗಾರನಾದ ನಾನು ಬೇಕೆಂದೇ ಕೈಬಿಟ್ಟಿದ್ದೆ, ತಪ್ಪು ನನ್ನದು ಎಂದು ಎರಡು ಸಾಲು. ಸಂಪಾದಕರು ‘ಬೇಕೆಂದೇ’ ತೆಗೆಯೋಣ, ಕಣ್ತಪ್ಪಿನಿಂದ ಎಂದು ಹಾಕೋಣ, ಪತ್ರಿಕೆಯ ಮಾನದ ಪ್ರಶ್ನೆ ಎಂದರು. ಅವನು ಒಪ್ಪಲಿಲ್ಲ. ಹಾಗಾದರೆ ಮುಂದಿನ ವಾರದಿಂದ ನೀವು ಬರೆಯಬೇಕಾಗಿಲ್ಲ ಎಂದರು. ಶನಿವಾರ ಅವನ ಎರಡು ಸಾಲು ‘ಬೇಕೆಂದೇ’ ಸಮೇತ ಬಂತು. ಅವನ ಹೆಸರು ಆ ಪುಟದಲ್ಲಿ ಬಂದದ್ದು ಅದೇ ಕಡೆ.

ಬಹಳ ಮಂದಿ ಅದನ್ನು ಓದಲಿಲ್ಲ. ಮೊದಲಿನದನ್ನು ಓದಿದಷ್ಟು ಮಂದಿ ತಿದ್ದುಪಡಿಯನ್ನು ಯಾವತ್ತೂ ಓದುವುದಿಲ್ಲ. ಅವನು ಆ ಪುಟವನ್ನು ಇನ್ನೂರು ಜೆರಾಕ್ಸ್ ಮಾಡಿ, ಶಿಫ್ಟ್ ಬಿಡುವ ಹೊತ್ತಿಗೆ ತಾಂಡ್ಯದ ಗೇಟಿನ ಹತ್ತಿರ ಹಂಚಿದ. ಸುಬ್ಬಲಕ್ಷ್ಮಮ್ಮನವರು, ನಾನು ಅಲ್ಲೇ ಇದ್ದೆ, ಕಿವಿಯಾರೆ ಕೇಳಿದ್ದೆ, ಮೊದಲೇ ಹೇಳದೇ ಇದ್ದದ್ದು ನನ್ನ ತಪ್ಪು ಎಂದು ಯುವಕರ ಸಂಘದವರಿಗೆ ಪತ್ರ ಬರೆದರು. ಕೋಮಲ ಕೆಲಸಕ್ಕೆ ಮರಳಿದಳು. ಗೆಳತಿಯರಲ್ಲಿ ಇಬ್ಬರು ಮಾತಾಡಿಸಿದರು, ಮೂವರು ಮಾತಾಡಿಸಲಿಲ್ಲ. ಏಪ್ರಿಲಿನಲ್ಲಿ ಅಣ್ಣ ರಜೆಗೆ ಬಂದವನು ನರಸೀಪುರದ ಆಚೆಗೆ ಹೋಗಿ ಪುಟ್ಟಗೌರಮ್ಮನವರ ಮನೆಯಲ್ಲಿ ಒಂದು ದಿನ ಇದ್ದು ಬಂದ. ಸಂಪಾದಕರು ಆ ಅಂಕಣವನ್ನು ಕೋಮಲಳೇ ಬರೆಯಲಿ ಎಂದು ಹೇಳಿಕಳಿಸಿದರಂತೆ. ಬರೆಯಬೇಕು ಅಂತ ನೋಡಿದರೆ ಸಿನಿಮಾ ಕಾಣಿಸುವುದಿಲ್ಲ ಎಂದು ಅವಳು ಬೇಡ ಅಂದಳು. ಕೇಳಿದಾಗ ಅಮೃತೇಶನಿಗೆ ಅದಕ್ಕೂ ಹೊಟ್ಟೆ ಉರಿಯಿತು. ಅಷ್ಟು ಸಲೀಸಾಗಿ ಬೇಡ ಅನ್ನುವುದು ತನ್ನಿಂದ ಆಗುತ್ತಿರಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಒಂದು ಭಾನುವಾರ ಅವನು ಹೆಂಡತಿ ನಂದಿತಾಳ ಜೊತೆ ನಂಜನಗೂಡಿನ ಟಾಕೀಸಿನಿಂದ ಹೊರಬರುತ್ತಿದ್ದ. ಗೇಟಿನ ಹತ್ತಿರ ಕೋಮಲ ನಿಂತಿದ್ದಳು. ಮದುವೆಯಾಗಿತ್ತು, ಕಂಕುಳಲ್ಲಿ ಮಗುವಿತ್ತು. ಏನೋ ಹೇಳುತ್ತಿದ್ದಳು, ಸುತ್ತ ಇದ್ದವರು ನಗುತ್ತಿದ್ದರು. ಅವನು ನಂದಿತಾಳನ್ನು ಸ್ವಲ್ಪ ನಿಲ್ಲು ಎಂದು ನಿಲ್ಲಿಸಿ ಕಿವಿಗೊಟ್ಟ. ಅವಳು ನೋಡಿಬಿಟ್ಟಳು.

“ನಿಮ್ಗೆ ಎಂಗನ್ಸ್ತು ಸಾ ಫಿಲಮ್ಮು?”

ಅಷ್ಟು ವರ್ಷ ಊರಿನವರನ್ನೆಲ್ಲ ಅವನು ಕೇಳಿದ್ದ. ಅವನನ್ನು ಯಾರೂ ಕೇಳಿರಲಿಲ್ಲ. ಎರಡನೆಯ ಅರ್ಧ ಎಳೆದಿದೆ ಎಂದ. ಯಾಕೆ ಹಾಗನ್ನಿಸಿತು ಎಂದು ಹೇಳಲು ಹೋಗಿ ತಡವರಿಸಿದ. ತಂದೆಯ ಪಾತ್ರ ಮಾತು ನಿಲ್ಲಿಸಿದಾಗಲೇ ಕಥೆ ಮುಗಿದಿತ್ತು ಎಂದ. ಅವಳು ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಪೂರ್ತಿ ಕೇಳಿದಳು. ಆಮೇಲೆ, ಇಲ್ಲ ಸಾ, ಆ ಅಪ್ಪ ಮಾತು ನಿಲ್ಲಿಸಿದ ಮೇಲೇ ಮಗ ಅವನ ಮಾತು ಕೇಳಿಸಿಕೊಂಡದ್ದು ಎಂದಳು.

ಅವಳ ಬಸ್ಸು ಬಂತು, ಹತ್ತಿ ಹೊರಟುಹೋದಳು. ಅಮೃತೇಶ ಅಲ್ಲೇ ನಿಂತ. ಅವಳು ಹೇಳಿದ್ದೇ ಸರಿ ಎಂದು ಅವನಿಗೆ ಆಗಲೇ ಗೊತ್ತಾಗಿತ್ತು. ನಂದಿತಾ, ಯಾರದು, ನಿಮಗೆ ಹೇಗೆ ಪರಿಚಯ ಎಂದು ಕೇಳಿದಳು. ಮನೆಯವರೆಗೂ ನಡೆಯುತ್ತ ಅವನು ಏನನ್ನೂ ಬಿಡದೆ ಅವಳಿಗೆ ಎಲ್ಲ ಹೇಳಿದ.